ಪೆಟ್ಟು ಮಾಯ್ದ ಮೇಲೂ ಉಳಿಯುವ ತಲೆನೋವು



ಈ ಪುಟಗಳಲ್ಲಿ ಕಾಂಡಕೊರಕದ ಹತೋಟಿಯ ಕುರಿತು ಬರೆಯುವುದೆಂದು ನಿಶ್ಚಯವಾಗಿತ್ತು. ಅದನ್ನು ಮುಂದಿನ ಸಂಚಿಕೆಗೆ ಹಾಕಿ ತಲೆನೋವಿನ ವಿಷಯ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಲೆನೋವು ಎಂದೊಡನೆ ಅಡಿಕೆ ಧಾರಣೆ, ಆಳುಗಳ ಅಭಾವ, ಬ್ಯಾಂಕಿನ ನೋಟೀಸು ಮುಂತಾದವು ನಿಮ್ಮ ನೆನಪಿಗೆ ಬರಬಹುದು. ನಾನು ಹೇಳಹೊರಟದ್ದು ಆ ಬಗೆಯದಲ್ಲ. ತಲೆಗೆ ಪೆಟ್ಟು ಬಿದ್ದು, ಗಾಯ ಮಾಯ್ದು, ಸ್ಕ್ಯಾನ್‌ನಲ್ಲಿ ಏನೂ ಇಲ್ಲವೆಂದು ಹೇಳಿಸಿಕೊಂಡ ಮೇಲೂ ತಿಂಗಳುಗಟ್ಟಲೆ ಬಿಡದೆ ಕಾಡುವ ತಲೆನೋವಿನ ವಿಚಾರ.

ಕಳೆದ ಆಷಾಢದಲ್ಲಿ ತೋಟದ ಹಳ್ಳದ ಸಂಕ ದಾಟುವಾಗ ಪಾಚಿಗೆ ಕಾಲು ಜಾರಿ ನನ್ನ ಹಿಂದಲೆ ಕಲ್ಲಿಗೆ ಬಡಿಯಿತು. ಒಂದೆರಡು ನಿಮಿಷ ನನಗೆ ಎಚ್ಚರವಿರಲಿಲ್ಲವಂತೆ. ಎದ್ದ ಮೇಲೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದೆನಂತೆ. ಸ್ಕ್ಯಾನ್ ಮಾಡಿಸಿದ್ದಾಯಿತು, ರಕ್ತಸ್ರಾವವಿಲ್ಲ, ಮೂಳೆ ಮುರಿದಿಲ್ಲ. ವಾರದೊಳಗೆ ಕಛೇರಿಗೆ ಬಂದು ಕುಳಿತೆ. ಲೆಡ್ಜರಿನ ಎರಡು ಪುಟ ಕೂಡುವಷ್ಟರಲ್ಲಿ ಹಣೆ ಬಿಗಿಯುವುದು, ಪಲ್ಪರ್ ಸದ್ದಿಗೆ ಹೊಟ್ಟೆ ತೊಳಸುವುದು, ಸಂಜೆಗೆ ಮಾತನಾಡಿಸಿದವರ ಮೇಲೆ ರೇಗುವುದು ಶುರುವಾಯಿತು. ಆಡಿಟ್ ಸಮಯ ಬೇರೆ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಕೂಡಿಕೆಯಲ್ಲಿ ನಮ್ಮ ಗುಮಾಸ್ತರು ತಪ್ಪು ಹಿಡಿದರು. ಕೊನೆಗೆ ಮಗಳು ಬಂದು ಬೆಂಗಳೂರಿಗೆ ಕರೆದೊಯ್ದಳು. ಅವಳ ಬಿಡಾರ ಸುದ್ದಗುಂಟೆಪಾಳ್ಯದಲ್ಲಿ. ಅಲ್ಲಿಂದ ಡೈರಿ ಸರ್ಕಲ್ ಕಡೆಗೆ ಬಂದು ಹೊಸೂರು ರಸ್ತೆ ಹಿಡಿದರೆ ನಿಮ್ಹಾನ್ಸ್ ಆಸ್ಪತ್ರೆ. ಎರಡು ತಿಂಗಳು ಆ ಪಾಳ್ಯದಲ್ಲಿದ್ದು ವೈದ್ಯರನ್ನು ಕೇಳಿ ತಿಳಿದದ್ದನ್ನೂ, ಓದಿ ತಿಳಿದದ್ದನ್ನೂ, ಅನುಭವಿಸಿ ತಿಳಿದದ್ದನ್ನೂ ಇಲ್ಲಿ ಕೊಡುತ್ತಿದ್ದೇನೆ.

ಇದು ನಮ್ಮವರಿಗೆ ದೂರದ ವಿಷಯವಲ್ಲ. ಭಾರತದಲ್ಲಿ ತಲೆಗೆ ಬೀಳುವ ಪೆಟ್ಟುಗಳಲ್ಲಿ ಸುಮಾರು ಶೇ. 60 ರಸ್ತೆ ಅಪಘಾತಗಳಿಂದ, ಶೇ. 20ರಿಂದ 25 ಬೀಳುವುದರಿಂದ ಎಂದು ನಿಮ್ಹಾನ್ಸ್‌ನಲ್ಲಿ ಈ ವಿಷಯವನ್ನು ಬಹುಕಾಲ ಅಭ್ಯಸಿಸಿದ ಡಾ. ಜಿ. ಗುರುರಾಜ್ ಬರೆದಿದ್ದಾರೆ. ಅಡಿಕೆ ಮರ, ಮೆಣಸಿನ ಏಣಿ, ಸಿಲ್ವರ್ ಓಕ್‌ನ ಒಣಕೊಂಬೆ, ಮಳೆಗಾಲದ ಅಂಗಳ, ಇಳಿಜಾರಿನಲ್ಲಿ ಜಾರುವ ಬೈಕು ಎಲ್ಲವೂ ನಮ್ಮಲ್ಲಿವೆ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಶುರುವಾಗಿ, 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆದ ಆ ಸಂಸ್ಥೆಯನ್ನು ನಮ್ಮ ಊರುಗಳಲ್ಲಿ ಇಂದಿಗೂ ಹುಚ್ಚಾಸ್ಪತ್ರೆ ಎಂದೇ ಕರೆದು ಹಿಂಜರಿಯುವವರಿದ್ದಾರೆ. ತಲೆಗೆ ಪೆಟ್ಟಾದವರನ್ನು ಹಗಲು ರಾತ್ರಿ ಅಲ್ಲಿ ನೋಡುತ್ತಾರೆ; ಆ ಸಂಕೋಚ ಬೇಡ.

ಒಳಗೆ ಆಗುವುದೇನು?

ಮಿದುಳು ಬೆಣ್ಣೆಯಂತೆ ಮೆತ್ತಗಿನ, ಸುಮಾರು 1.3ರಿಂದ 1.4 ಕಿಲೋ ತೂಗುವ ಅಂಗ. ಬುರುಡೆಯೊಳಗೆ ನೀರಿನಲ್ಲಿ ತೇಲುತ್ತಿರುತ್ತದೆ. ತಲೆ ಒಮ್ಮೆಲೇ ನಿಂತಾಗ ಅಥವಾ ತಿರುಗಿದಾಗ ಮಿದುಳು ಒಳಗೆ ಕುಲುಕಿ ಅದರ ನರತಂತುಗಳು ಜಗ್ಗುತ್ತವೆ. ಇದಕ್ಕೆ ವೈದ್ಯರು ಕನ್ಕಶನ್ ಎನ್ನುತ್ತಾರೆ. ನಾವು ಕುಲುಕುಪೆಟ್ಟು ಎನ್ನೋಣ. ಎಚ್ಚರ ತಪ್ಪಲೇಬೇಕೆಂದಿಲ್ಲ, ಒಂದು ಕ್ಷಣ ಮಂಕು ಕವಿದರೂ ಅದು ಕುಲುಕುಪೆಟ್ಟೇ ಆಗಿರಬಹುದು. ಜಗ್ಗಿದ ಜೀವಕೋಶಗಳಲ್ಲಿ ಲವಣಾಂಶಗಳ ಸಮತೋಲ ಕೆಡುತ್ತದೆ. ಅದನ್ನು ಸರಿಪಡಿಸಲು ಹೆಚ್ಚು ಶಕ್ತಿ ಬೇಕು, ಆದರೆ ಅದೇ ಹೊತ್ತಿಗೆ ರಕ್ತದ ಪೂರೈಕೆ ತಗ್ಗಿರುತ್ತದೆ. ಆದಕಾರಣ ಮಿದುಳು ಕೆಲಸಕ್ಕೆ ಬೇಗ ದಣಿಯುತ್ತದೆ. ಸಿಡಿಲು ಬಡಿದ ಮರುದಿನ ಕಂಬವೂ ತಂತಿಯೂ ನೆಟ್ಟಗಿದ್ದು, ಮನೆಯಲ್ಲಿ ದೀಪ ಮಾತ್ರ ಮಿಣಿಮಿಣಿ ಎನ್ನುವುದಿಲ್ಲವೇ? ಕಂಬದ ಫೋಟೋ ತೆಗೆದರೆ ಅದರಲ್ಲಿ ದೋಷ ಕಾಣುವುದಿಲ್ಲ. ಸಿ.ಟಿ. ಸ್ಕ್ಯಾನ್ ಕೂಡ ರಕ್ತಸ್ರಾವ, ಮೂಳೆಮುರಿತಗಳನ್ನು ತೋರಿಸುವ ಚಿತ್ರ. ಕೆಲಸ ಹೇಗೆ ನಡೆದಿದೆ ಎಂಬುದನ್ನು ಅದು ತೋರಿಸದು.

ಪೆಟ್ಟು ಬಿದ್ದ 7 ದಿನಗಳೊಳಗೆ ಆರಂಭವಾಗುವ ತಲೆನೋವನ್ನು ಪೆಟ್ಟಿನ ತಲೆನೋವೆಂದು ತಜ್ಞರ ಅಂತಾರಾಷ್ಟ್ರೀಯ ವರ್ಗೀಕರಣ ಪರಿಗಣಿಸುತ್ತದೆ. 3 ತಿಂಗಳು ಮೀರಿದರೆ ಅದು ದೀರ್ಘಕಾಲದ್ದು. ಹೆಚ್ಚಿನವರಿಗೆ ಕೆಲವು ವಾರಗಳಲ್ಲೇ ಗುಣವಾಗುತ್ತದೆ. ಮೊದಲೇ ಅರೆತಲೆನೋವಿದ್ದವರಲ್ಲಿ, ಹಿಂದೆಯೂ ತಲೆಗೆ ಪೆಟ್ಟು ತಿಂದವರಲ್ಲಿ, ನಿದ್ರೆ ಕೆಟ್ಟವರಲ್ಲಿ, ಚಿಂತೆ ಹೊತ್ತವರಲ್ಲಿ ತಡವಾಗುವುದು ಸಾಮಾನ್ಯ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾಗದು. ನೋವು ಗಂಟೆಗಂಟೆಗೆ ಏರುತ್ತಿದ್ದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಬಲಗುಂದಿದರೆ, ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದಾಗಿ ಕಂಡರೆ, ಮೂಗು ಅಥವಾ ಕಿವಿಯಿಂದ ತಿಳಿನೀರು ಸೋರಿದರೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಎಂದು ಕಾಯಬಾರದು. ವಯಸ್ಸಾದವರಲ್ಲಿ, ಮದ್ಯಪಾನಿಗಳಲ್ಲಿ, ಹೃದಯರೋಗಕ್ಕೆಂದು ರಕ್ತ ತೆಳುಮಾಡುವ ಮಾತ್ರೆ ನುಂಗುವವರಲ್ಲಿ ಬುರುಡೆಯ ಕೆಳಗೆ ರಕ್ತ ನಿಧಾನವಾಗಿ ಒಸರಿ ಎರಡು ಮೂರು ವಾರಗಳ ಮೇಲೆ ತೊಂದರೆ ಕೊಡುವುದುಂಟು. ಮೊದಲ ಸ್ಕ್ಯಾನ್ ಸರಿಯಿತ್ತೆಂದು ಅಂಥವರ ಹೊಸ ಮಂಕುತನವನ್ನು ಕಡೆಗಣಿಸಬೇಡಿ.

ನಂಬದವರ ಕಥೆ

ಕಾಣದ ನೋವನ್ನು ಜನ ನಂಬುವುದಿಲ್ಲ. ಇದು ಹಳೆಯ ವ್ಯಾಜ್ಯ. 1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಎರಿಕ್ಸೆನ್ ಎಂಬವರು ರೈಲು ಅಪಘಾತದಲ್ಲಿ ಹೊರಗಾಯವಿಲ್ಲದೆ ಉಳಿದವರ ತಲೆನೋವು, ಮರೆವು, ನಿದ್ರಾಹೀನತೆಗಳನ್ನು ವಿವರಿಸಿ, ನರಮಂಡಲಕ್ಕೆ ಪೆಟ್ಟಾಗಿದೆ ಎಂದು ಬರೆದರು. 1883ರಲ್ಲಿ ರೈಲ್ವೆ ಕಂಪೆನಿಯೊಂದರ ಸರ್ಜನ್ ಹರ್ಬರ್ಟ್ ಪೇಜ್, ಇದು ಬಹುಪಾಲು ಹೆದರಿಕೆಯ ಫಲ ಎಂದು ಪ್ರತಿವಾದ ಹೂಡಿದರು. 1961ರಲ್ಲಿ ಹೆನ್ರಿ ಮಿಲ್ಲರ್ ಎಂಬ ನರರೋಗ ತಜ್ಞರು ಪರಿಹಾರದ ಹಣ ಕೈಸೇರಿದೊಡನೆ ಇಂಥ ರೋಗಿಗಳು ಗುಣವಾಗುತ್ತಾರೆ ಎಂಬ ಅರ್ಥದಲ್ಲಿ ವಾದಿಸಿದರು. ಮುಂದೆ ಇತರರು ಪರಿಶೀಲಿಸಿದಾಗ, ಹಣ ಬಂದು ಎಷ್ಟೋ ಕಾಲವಾದ ಮೇಲೂ ಅನೇಕರ ನೋವು ಹಾಗೆಯೇ ಇದ್ದದ್ದು ಕಂಡುಬಂತು.

ಮಿಲ್ಲರರನ್ನು ಟೀಕಿಸಲು ನನಗೆ ಅರ್ಹತೆಯಿಲ್ಲ. ನಾಲ್ಕು ವರ್ಷದ ಕೆಳಗೆ ನಮ್ಮ ತೋಟದ ಕೊನೆಗಾರನೊಬ್ಬ ಮರದಿಂದ ಜಾರಿ ಬಿದ್ದ. ಅದೃಷ್ಟಕ್ಕೆ ಸೊಪ್ಪಿನ ರಾಶಿಯ ಮೇಲೆ ಬಿದ್ದು ಜೀವ ಉಳಿಯಿತು. ಆಸ್ಪತ್ರೆಯ ಖರ್ಚು ಕೊಟ್ಟೆ. ತಿಂಗಳ ಮೇಲೆ ಆತ ಬಂದು, ‘ಮೇಲೆ ನೋಡಿದರೆ ತಲೆ ತಿರುಗುತ್ತದೆ, ಬಿಸಿಲಿಗೆ ನಿಂತರೆ ತಲೆ ಸಿಡಿಯುತ್ತದೆ’ ಎಂದ. ನಾನು, ‘ಸ್ಕ್ಯಾನ್ ಸರಿಯಾಗಿದೆಯಲ್ಲ, ಇನ್ನೆಂಥ ತಲೆನೋವು? ಕೆಲಸಗಳ್ಳತನಕ್ಕೆ ಮದ್ದಿಲ್ಲ’ ಎಂದೆ. ನಾಲ್ಕು ಜನರ ಮುಂದೆ ಹೇಳಿದೆ. ಆತ ಮತ್ತೆ ಬರಲಿಲ್ಲ. ಸುದ್ದಗುಂಟೆಪಾಳ್ಯದ ಮಹಡಿಯ ಕೋಣೆಯಲ್ಲಿ ಪರದೆ ಎಳೆದು ಕುಳಿತಿದ್ದಾಗ, ಬಂದ ನೆಂಟರೊಬ್ಬರು ನನ್ನನ್ನೇ ಕುರಿತು ಪಕ್ಕದ ಕೋಣೆಯಲ್ಲಿ, ‘ನೋಡಲಿಕ್ಕೆ ಚೆನ್ನಾಗಿಯೇ ಇದ್ದಾರಲ್ಲ’ ಎಂದದ್ದು ಕಿವಿಗೆ ಬಿತ್ತು. ಆ ಕ್ಷಣ ಕೊನೆಗಾರನ ಮುಖ ನೆನಪಾಯಿತು. ಊರಿಗೆ ಮರಳಿದ ಮೂರನೆಯ ದಿನ ಆತನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ಆತನ ಹೆಂಡತಿ ಕಾಫಿ ಕೊಟ್ಟರು. ಆತ ಹೆಚ್ಚು ಮಾತನಾಡಲಿಲ್ಲ.

ಮಾಡಬೇಕಾದದ್ದು, ಮಾಡಬಾರದ್ದು

ಮೊದಲ 24ರಿಂದ 48 ಗಂಟೆ ಆದಷ್ಟು ವಿಶ್ರಾಂತಿ ಸರಿ. ಮೊಬೈಲ್ ಪರದೆಯನ್ನೂ ಆ ಹೊತ್ತಿನಲ್ಲಿ ದೂರವಿಡಬೇಕು. ಆಮೇಲೆ ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗುವುದು ತಪ್ಪು. ನಾನು ಮಾಡಿದ ತಪ್ಪುಗಳು ಎರಡೂ ಬಗೆಯವು: ಮೊದಲು ಹಟದಿಂದ ದುಡಿದೆ, ಬಳಿಕ ಹೆದರಿ ಪೂರ್ತಿ ಮಲಗಿದೆ. 2022ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಸೇರಿದ ತಜ್ಞರು ಕ್ರೀಡಾಪಟುಗಳಿಗೆ ಹೇಳಿದ ಕ್ರಮ ನಮಗೂ ಹೊಂದುತ್ತದೆ. ನೋವನ್ನು 10ಕ್ಕೆ ಇಷ್ಟು ಎಂದು ಅಳೆಯಿರಿ. ನಡಿಗೆ ಅಥವಾ ಕೆಲಸದಿಂದ ಅದು 2 ಅಂಕಕ್ಕಿಂತ ಹೆಚ್ಚು ಏರಬಾರದು, ಏರಿದ್ದು ಒಂದು ಗಂಟೆಯೊಳಗೆ ಇಳಿಯಬೇಕು. ಹಾಗೆ ಇಳಿದರೆ ಅಷ್ಟು ಕೆಲಸ ನಿಮಗೆ ಸಲ್ಲುತ್ತದೆ. ಇಳಿಯದಿದ್ದರೆ ನಾಳೆ ಸ್ವಲ್ಪ ಕಡಿಮೆ ಮಾಡಿ. ನಾನು ಪಾಳ್ಯದ ಒಳರಸ್ತೆಗಳಲ್ಲಿ ಬೆಳಿಗ್ಗೆ 6 ಗಂಟೆಗೆ, ವಾಹನಗಳ ಗದ್ದಲ ಏಳುವ ಮೊದಲು, 10 ನಿಮಿಷ ನಡೆಯಲು ಶುರುಮಾಡಿ ಆರು ವಾರಗಳಲ್ಲಿ 40 ನಿಮಿಷಕ್ಕೆ ಬಂದೆ. ಲೆಕ್ಕದ ಕೆಲಸವನ್ನೂ ಹಾಗೆಯೇ, 20 ನಿಮಿಷ ಓದು, 10 ನಿಮಿಷ ಕಣ್ಣು ಮುಚ್ಚಿ ಕೂರುವುದು ಎಂದು ಹೆಚ್ಚಿಸುತ್ತ ಬಂದೆ.

ಮಾತ್ರೆಯ ಮಾತು ಮುಖ್ಯವಾದದ್ದು. ಅಂಗಡಿಯಿಂದ ಹಾಳೆಗಟ್ಟಲೆ ಮಾತ್ರೆ ತಂದು ಜೇಬಿನಲ್ಲಿಟ್ಟು ತಿರುಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧ ಕೂಡಿಸಿದ ಮಾತ್ರೆಗಳನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಆ ಮಾತ್ರೆಯೇ ತಲೆನೋವನ್ನು ಹುಟ್ಟಿಸುತ್ತದೆ. ಪೆಟ್ಟಿನ ನೋವು ಯಾವುದು, ಮಾತ್ರೆಯ ನೋವು ಯಾವುದು ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ವಾರದಲ್ಲಿ ಎರಡು ದಿನ ಮೀರಬೇಡಿ. ಅಷ್ಟರಲ್ಲಿ ನಿಭಾಯಿಸಲಾಗದಿದ್ದರೆ ನೋವು ಬಾರದಂತೆ ತಡೆಯುವ ಔಷಧಗಳಿವೆ. ಅಮಿಟ್ರಿಪ್ಟಿಲಿನ್, ಪ್ರೊಪ್ರನೊಲಾಲ್ ಮುಂತಾದವನ್ನು ನೋವಿನ ಬಗೆ ನೋಡಿ ವೈದ್ಯರು ಕೊಡುತ್ತಾರೆ. ಮೊದಲನೆಯದನ್ನು ಖಿನ್ನತೆಗೂ ಎರಡನೆಯದನ್ನು ರಕ್ತದೊತ್ತಡಕ್ಕೂ ಕೊಡುವುದುಂಟು. ಚೀಟಿ ನೋಡಿ ‘ನನಗೆ ಅದಿಲ್ಲವಲ್ಲ’ ಎಂದು ಬಿಸಾಡಬೇಡಿ, ಪಕ್ಕದ ಮನೆಯವರ ಚೀಟಿ ತಂದು ನುಂಗಲೂ ಬೇಡಿ. ಆಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಅಪಾಯ.

ಇನ್ನು ನಮ್ಮದೇ ಬೆಳೆಯ ವಿಷಯ. ತಲೆಗೆ ಪೆಟ್ಟಾದವರು ಕಾಫಿ ಬಿಡಬೇಕೆಂದು ಯಾರೋ ಹೇಳಿದರೆಂದು ನನ್ನ ಮನೆಯವರು ಒಂದೇ ದಿನ ನಿಲ್ಲಿಸಿದರು. ದಿನಕ್ಕೆ ಐದಾರು ಲೋಟ ಕುಡಿಯುತ್ತಿದ್ದವನು ನಾನು. ಮರುದಿನದ ತಲೆನೋವು ಸಂಕದಿಂದ ಬಿದ್ದ ದಿನಕ್ಕಿಂತ ಜೋರಾಗಿತ್ತು. ಕೆಫೀನ್ ಅಭ್ಯಾಸವಾದವರು ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಬರುತ್ತದೆ, 2ರಿಂದ 9 ದಿನ ಇರುತ್ತದೆ. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆಯ ಕಾಫಿ ನಿದ್ರೆ ಕೆಡಿಸುವುದು ಹೀಗೆ, ಕೆಟ್ಟ ನಿದ್ರೆ ನೋವನ್ನು ಹೆಚ್ಚಿಸುತ್ತದೆ. ಅರೇಬಿಕಾ ಬೀಜದಲ್ಲಿ ಸುಮಾರು ಶೇ. 1.2 ಕೆಫೀನ್ ಇದ್ದರೆ ರೊಬಸ್ಟಾದಲ್ಲಿ ಸುಮಾರು ಶೇ. 2.2 ಇದೆ. ಬೆಳಿಗ್ಗೆ ಒಂದು, ಹತ್ತೂವರೆಗೆ ಒಂದು, ಅದೂ ಅರೇಬಿಕಾ ಎಂಬಲ್ಲಿಗೆ ನಾನು ಎರಡು ವಾರದಲ್ಲಿ ಇಳಿದೆ. ಕಾಫಿ ಬೆಳೆಯುವವರ ಪತ್ರಿಕೆಯಲ್ಲಿ ಇದಕ್ಕಿಂತ ಕಡಿಮೆ ಮಾಡಿ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಮದ್ಯವನ್ನಂತೂ ಪೂರ್ತಿ ಬಿಡಬೇಕು.

ಎಲ್ಲ ನೋವೂ ತಲೆಯೊಳಗಿನದೇ ಅಲ್ಲ. ಬೀಳುವಾಗ ಕುತ್ತಿಗೆಯೂ ಉಳುಕಿರುತ್ತದೆ. ಹಿಂದಲೆಯಿಂದ ಹಣೆಗೆ ಹರಿಯುವ ನೋವು ಎಷ್ಟೋ ಸಲ ಅಲ್ಲಿಯದು. ಫಿಸಿಯೋಥೆರಪಿಯ ಸರಳ ವ್ಯಾಯಾಮಗಳಿಂದ ಅದು ಸಡಿಲುತ್ತದೆ. ಹಾಸಿಗೆಯಲ್ಲಿ ಹೊರಳಿದಾಗ ಅಥವಾ ಮರದ ಕೊನೆಯತ್ತ ಕತ್ತೆತ್ತಿದಾಗ ಅರ್ಧ ನಿಮಿಷ ಲೋಕವೇ ಗಿರ್ರೆಂದು ತಿರುಗಿದರೆ, ಒಳಕಿವಿಯ ಸಣ್ಣ ಸುಣ್ಣದ ಹರಳುಗಳು ಜಾಗ ತಪ್ಪಿರಬಹುದು. ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ತರುವ ಎಪ್ಲೆ ವಿಧಾನವನ್ನು ಬಲ್ಲ ವೈದ್ಯರು ಹಲವರಿಗೆ ಒಂದೆರಡು ಸಲಕ್ಕೇ ಗುಣಪಡಿಸುತ್ತಾರೆ. ನಮ್ಮ ಕೊನೆಗಾರನ ತಲೆಸುತ್ತು ಇದೇ ಆಗಿತ್ತೇನೋ. ನಾಲ್ಕು ವರ್ಷ ಯಾರೂ ನೋಡಲಿಲ್ಲ. ಈಗ ತೋರಿಸಲು ಕರೆದೊಯ್ಯುವವನಿದ್ದೇನೆ.

ಅಂಥವರನ್ನು ಮರ ಹತ್ತಿಸಬಾರದು, ಏಣಿಯನ್ನೂ ಬೈಕನ್ನೂ ಬಿಡಿಸಬೇಕು. ಮಿದುಳು ಚೇತರಿಸಿಕೊಳ್ಳುವ ಮೊದಲೇ ಎರಡನೆಯ ಪೆಟ್ಟು ಬಿದ್ದರೆ ಅಪಾಯ ಹೆಚ್ಚು. ನೆಲದಲ್ಲೇ ನಿಂತು ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಈಚಿನ ವರ್ಷಗಳಲ್ಲಿ ಬಂದಿದೆ. ಆದರೆ ಅದಕ್ಕೂ ಕತ್ತೆತ್ತಲೇಬೇಕು. ತಲೆಸುತ್ತು ನಿಲ್ಲುವವರೆಗೆ ಅಡಿಕೆ ಸುಲಿಯುವುದು, ಸಸಿಮಡಿ ನೋಡುವಂಥ ಕೆಲಸ ಮೇಲು. ಕೂಲಿ ಕಡಿಮೆ ಮಾಡದೆ ಅರ್ಧ ದಿನದ ಕೆಲಸ ಕೊಡಲು ಸಾಧ್ಯವೇ ಎಂದು ಬೆಳೆಗಾರರು ಯೋಚಿಸಬೇಕು. ಮನೆಯವರು ಮಾಡಬಹುದಾದದ್ದು ಸಣ್ಣದು: ಟಿ.ವಿ. ಸದ್ದು ತಗ್ಗಿಸುವುದು, ಹೊತ್ತಿಗೆ ಸರಿಯಾಗಿ ಊಟ, ದಿನವೂ ಒಂದೇ ಹೊತ್ತಿಗೆ ನಿದ್ರೆ, ‘ಇನ್ನೂ ಹೋಗಿಲ್ಲವೇ?’ ಎಂದು ದಿನಕ್ಕೆ ಹತ್ತು ಸಲ ಕೇಳದಿರುವುದು.

ಬೆಂಗಳೂರಿಗೇ ಓಡಬೇಕೆಂದಿಲ್ಲ. ನಿಮ್ಹಾನ್ಸ್, ರಾಜ್ಯ ಸರಕಾರ ಮತ್ತು ನೀತಿ ಆಯೋಗ ಕೂಡಿ 2022ರಲ್ಲಿ ಮಿದುಳು ಆರೋಗ್ಯ ಯೋಜನೆಯನ್ನು ಜಯನಗರದ ಜನರಲ್ ಆಸ್ಪತ್ರೆ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಆರಂಭಿಸಿ, ಬಳಿಕ ಇತರ ಜಿಲ್ಲಾ ಆಸ್ಪತ್ರೆಗಳಿಗೂ ವಿಸ್ತರಿಸಿದವು. ತಲೆನೋವು ಅದರ ವ್ಯಾಪ್ತಿಯಲ್ಲಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಒಂದು ತಿಂಗಳ ಚೀಟಿ ಬರೆದು ಒಯ್ಯಿರಿ: ಯಾವ ದಿನ, ಎಷ್ಟು ಹೊತ್ತು, 10ಕ್ಕೆ ಎಷ್ಟು ನೋವು, ಎಷ್ಟು ಮಾತ್ರೆ, ಎಷ್ಟು ಗಂಟೆ ನಿದ್ರೆ. ನನ್ನ ಚೀಟಿಯಲ್ಲಿ ಮೊದಲ ತಿಂಗಳು 26 ದಿನ ನೋವಿತ್ತು. ಕಳೆದ ತಿಂಗಳು 7 ದಿನ.

ಆ 7 ದಿನಗಳ ಕಾರಣ ಸದಸ್ಯರಲ್ಲಿ ಒಂದು ವಿಜ್ಞಾಪನೆ. ಸದ್ಯ ನಾನು ಲೆಕ್ಕಪತ್ರ, ಸಾಲದ ಅರ್ಜಿಗಳನ್ನು ಬೆಳಿಗ್ಗೆ 10ರಿಂದ 12ರವರೆಗೆ ಮಾತ್ರ ನೋಡುತ್ತೇನೆ. ಮಧ್ಯಾಹ್ನದ ಮೇಲೆ ತಂದವನ್ನು ಗುಮಾಸ್ತರಲ್ಲಿ ಕೊಟ್ಟು ರಸೀದಿ ಪಡೆಯಬೇಕಾಗಿ ಕೋರಿಕೆ.

ಕಾರ್ಯದರ್ಶಿ