ಹಿತ್ತಲಲ್ಲಿ ಕೋಳಿಯೂ ಜೇನೂ: ಎರಡನ್ನೂ ಸಾಕುವ ಬಗೆ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನಮ್ಮ ಸಕಲೇಶಪುರ, ಆಲೂರು ಕಡೆಯ ಹಳ್ಳಿಮನೆಗಳ ಹಿತ್ತಲಲ್ಲಿ ನಾಲ್ಕಾರು ನಾಟಿ ಕೋಳಿ ಇದ್ದೇ ಇರುತ್ತವೆ. ಕಾಫಿ ತೋಟದ ಅಂಚಿನಲ್ಲಿ ಅಲ್ಲಲ್ಲಿ ಜೇನು ಪೆಟ್ಟಿಗೆಯೂ ಕಾಣುತ್ತದೆ. ಎರಡನ್ನೂ ಒಂದೇ ಹಿತ್ತಲಲ್ಲಿ ಸಾಕಬಹುದೇ? ಸಾಕಬಹುದು. ಆದರೆ ನಾವು ಅದನ್ನು ಒಂದು ಕೋಳಿ ಕಳೆದುಕೊಂಡ ಮೇಲೆ ಕಲಿತೆವು. ನಿಮಗೆ ಹಾಗಾಗದಿರಲಿ ಎಂದು ಈ ಲೇಖನ.

ನಮ್ಮ ಅಬ್ಬಾ ಕಾಫಿ ತೋಟದಲ್ಲಿ ರೈಟರ್. ಕಳೆದ ವರ್ಷ ಒಂದು ಜೇನು ಪೆಟ್ಟಿಗೆ ತಂದು ಹಿತ್ತಲಲ್ಲಿ ಇಟ್ಟರು. ಕೋಳಿಗಳು ದಾದಿಮಾ ಅವರದು. ಮೊಟ್ಟೆ ಮಾರಿದ ಹಣದಲ್ಲೇ ಅವರು ನನ್ನ ಬಸ್ ಪಾಸ್ ಮಾಡಿಸಿದ್ದರು. ಒಂದು ಮೋಡ ಕವಿದ ಮಧ್ಯಾಹ್ನ ಅಬ್ಬಾ ಮತ್ತು ನಾನು ಹೊಗೆ ಹಾಕದೆ ಪೆಟ್ಟಿಗೆ ತೆರೆದೆವು. ಕೈ ಜಾರಿ ಒಂದು ಎರಿ ಕೆಳಗೆ ಬಿತ್ತು. ಹೊರಗಿದ್ದ ಕೋಳಿಗಳು ಕಾಫಿ ಗಿಡಗಳ ಸಂದಿಗೆ ಓಡಿ ಉಳಿದುಕೊಂಡವು. ಆದರೆ ಮುಂಗುಸಿ ಭಯಕ್ಕೆ ದಾದಿಮಾ ಎರಡು ಹೇಂಟೆಗಳನ್ನು ಮಂಕರಿ ಕೆಳಗೆ ಮುಚ್ಚಿದ್ದರು. ಆ ಮಂಕರಿ ಪೆಟ್ಟಿಗೆಯಿಂದ ನಾಲ್ಕೇ ಅಡಿ ದೂರದಲ್ಲಿತ್ತು. ಒಂದು ಹೇಂಟೆ ಅಂದು ರಾತ್ರಿಯೇ ಸತ್ತಿತು. ಇನ್ನೊಂದು ಮೂರು ದಿನ ಕಣ್ಣು ಬಿಡಲಿಲ್ಲ. "ಆ ಪೆಟ್ಟಿಗೆ ಇರಲಿ, ಇಲ್ಲ ನನ್ನ ಕೋಳಿ ಇರಲಿ" ಎಂದು ದಾದಿಮಾ ಹೇಳಿದರು. ನಾನು ಒಂದು ತಿಂಗಳು ಸಮಯ ಕೇಳಿದೆ. ಆ ತಿಂಗಳಲ್ಲಿ ಜೇನು ಸಾಕುವವರನ್ನು ಕೇಳಿ, ಓದಿ, ಮಾಡಿ ನೋಡಿ ತಿಳಿದದ್ದು ಇಷ್ಟು.

ಯಾವ ಜೇನು?

ನಮ್ಮ ಕಡೆ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಜೇನು. ಇದು ಸ್ವಭಾವದಲ್ಲಿ ಸೌಮ್ಯ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ಬಹುಪಾಲು ತುಡುವೆ ಕುಟುಂಬಗಳು ನಾಶವಾದವು. ಆಮೇಲೆ ಮೆಲ್ಲಗೆ ಚೇತರಿಸಿಕೊಂಡವು. ಎತ್ತರದ ಮರ, ಬಂಡೆ, ಕಟ್ಟಡಗಳಲ್ಲಿ ಒಂದೇ ದೊಡ್ಡ ಎರಿ ಕಟ್ಟುವುದು ಹೆಜ್ಜೇನು. ಅದನ್ನು ಸಾಕಲಾಗದು. ಅದು ಕಟ್ಟಿದ ಮರದ ಕೆಳಗೆ ಕೋಳಿ, ಕುರಿ ಯಾವುದನ್ನೂ ಕಟ್ಟಿಹಾಕಬಾರದು.

ಕೋಳಿಗೂ ಜೇನಿಗೂ ಜಗಳವಿಲ್ಲ

ಕೋಳಿಯ ಮೈಗೆ ಪುಕ್ಕದ ರಕ್ಷಣೆ ಇದೆ. ಕಣ್ಣು, ಜುಟ್ಟು, ಮುಖ ಮಾತ್ರ ಬರಿದಾಗಿರುತ್ತವೆ. ಪೆಟ್ಟಿಗೆಯ ಕೆಳಗೆ ಬಿದ್ದ ಸತ್ತ ನೊಣ, ಮೇಣದ ಹುಳು, ಇರುವೆಗಳನ್ನು ಕೋಳಿ ಹೆಕ್ಕಿ ತಿನ್ನುತ್ತದೆ. ಇದು ಜೇನಿಗೂ ಒಳ್ಳೆಯದೇ. ನೊಣ ಕುಟುಕಿದಾಗ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ. ಅದು ಉಳಿದ ನೊಣಗಳಿಗೆ ಅಪಾಯದ ಸೂಚನೆ. ಓಡಿಹೋಗಬಲ್ಲ ಕೋಳಿ ಉಳಿಯುತ್ತದೆ, ಮುಚ್ಚಿಟ್ಟ ಕೋಳಿ ಮತ್ತೆ ಮತ್ತೆ ಕುಟುಕಿಸಿಕೊಳ್ಳುತ್ತದೆ. ತಪ್ಪು ಜೇನಿನದೂ ಅಲ್ಲ, ಕೋಳಿಯದೂ ಅಲ್ಲ. ನಮ್ಮದು.

ಗಮನಿಸಬೇಕಾದ ಐದು ಅಂಶಗಳು

1. ಜಾಗ: ಪೆಟ್ಟಿಗೆಯ ಬಾಗಿಲು ಕೋಳಿ ಗೂಡಿನ ಕಡೆ ಇರಬಾರದು. ನಮ್ಮದು ಈಗ ಕೋಳಿ ಗೂಡಿನಿಂದ 25 ಅಡಿ ದೂರದಲ್ಲಿದೆ, ನಡುವೆ ದಾಸವಾಳದ ಬೇಲಿ ಇದೆ. ಬೇಲಿ ಇದ್ದರೆ ನೊಣಗಳು ಅದರ ಮೇಲಿಂದ ಎತ್ತರದಲ್ಲಿ ಹಾರುತ್ತವೆ.

2. ನೀರು: ಜೇನಿಗೂ ನೀರು ಬೇಕು. ಕೋಳಿಯ ಬಟ್ಟಲಿಗೇ ಬಂದು ಮುಳುಗಿ ಸಾಯುತ್ತದೆ. ಬೇರೆ ತಟ್ಟೆಯಲ್ಲಿ ಕಲ್ಲುಗಳನ್ನು ಹಾಕಿ ನೀರಿಡಿ. ಅದು ಒಣಗದಂತೆ ನೋಡಿಕೊಳ್ಳಿ.

3. ಇರುವೆ: ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಾರೆ. ಕೋಳಿ ಕೆದಕಿದ ಮಣ್ಣು, ಎಲೆ ಅದರಲ್ಲಿ ತುಂಬಿದರೆ ಇರುವೆಗೆ ಸೇತುವೆ ಆಗುತ್ತದೆ. ದಿನವೂ ನೋಡಬೇಕು.

4. ಹೇನಿನ ಪುಡಿ: ಕೋಳಿ ಹೇನಿಗೆ ಹಾಕುವ ಕೀಟನಾಶಕ ಪುಡಿ ಜೇನನ್ನೂ ಕೊಲ್ಲುತ್ತದೆ. ಕೋಳಿ ಮೈ ಕೊಡವಿದರೆ ಗಾಳಿಗೆ ಹಾರುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿ, ಕತ್ತಲಾದ ಮೇಲೆ ಗೂಡಿನೊಳಗೇ ಬಳಸಿ. ಕೋಳಿ ಹೊರಳಾಡಲು ಒಲೆಯ ಬೂದಿಯನ್ನೂ ಇಡಬಹುದು.

5. ತೆರೆಯುವ ಸಮಯ: ಬಿಸಿಲಿರುವಾಗ, ಹೊಗೆ ಹಾಕಿ, ಮುಖಕ್ಕೆ ಪರದೆ ಹಾಕಿಕೊಂಡು ತೆರೆಯಿರಿ. ಅದಕ್ಕೂ ಮುಂಚೆ ಮಂಕರಿಯಲ್ಲಿರುವ ಕೋಳಿಗಳನ್ನು ಬಿಟ್ಟುಬಿಡಿ. ಕುಟುಕಿದ ಮೇಲೆ ಯಾರಿಗಾದರೂ ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಪೆಟ್ಟಿಗೆ ಸರಿಸುವುದು

ಪೆಟ್ಟಿಗೆಯನ್ನು ಒಮ್ಮೆಲೇ 20 ಅಡಿ ಸರಿಸಿದರೆ, ಮೇವಿಗೆ ಹೋದ ನೊಣಗಳು ಹಳೆಯ ಜಾಗಕ್ಕೇ ಬಂದು ದಾರಿ ತಪ್ಪುತ್ತವೆ. ಅದಕ್ಕಾಗಿ ನಾವು ದಿನಾ ಕತ್ತಲಾದ ಮೇಲೆ ಒಂದೂವರೆ ಅಡಿಯಂತೆ 14 ದಿನ ಸರಿಸಿದೆವು. ದಾದಿಮಾ ಬಾಗಿಲಲ್ಲಿ ನಿಂತು ಟಾರ್ಚ್ ಹಿಡಿಯುತ್ತಿದ್ದರು. ಮೊದಲ ವಾರ ಮಾತಾಡಲಿಲ್ಲ. ಎರಡನೇ ವಾರ "ಸ್ಟ್ಯಾಂಡ್ ವಾಲಿದೆ, ನೋಡು" ಎಂದರು.

ಲೆಕ್ಕ ಯಾರದು?

ಅರ್ಥಶಾಸ್ತ್ರದಲ್ಲಿ ನಾವು ಬಾಹ್ಯತೆ ಎಂಬುದನ್ನು ಓದುತ್ತೇವೆ. ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಲಾಭವೋ ನಷ್ಟವೋ ಆಗುತ್ತದೆ, ಆದರೆ ಯಾರೂ ಹಣ ಕೊಡುವುದಿಲ್ಲ. 1952ರಲ್ಲಿ ಜೇಮ್ಸ್ ಮೀಡ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆ ಸೇಬಿನ ತೋಟ ಮತ್ತು ಜೇನನ್ನೇ ಉದಾಹರಣೆ ಕೊಟ್ಟರು. ನಮ್ಮಲ್ಲಿ ಸೇಬಿನ ಬದಲು ಕಾಫಿ. ರೊಬಸ್ಟಾ ಹೂ ತನ್ನದೇ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವನ್ನು ಗಾಳಿ ಮತ್ತು ಜೇನು ತರಬೇಕು. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ನಮ್ಮ ಜೇನು ಪಕ್ಕದ ತೋಟಕ್ಕೂ ಉಚಿತವಾಗಿ ದುಡಿಯುತ್ತದೆ.

ಅದು ಲಾಭದ ಬಾಹ್ಯತೆ. ಸತ್ತ ಹೇಂಟೆ ನಷ್ಟದ ಬಾಹ್ಯತೆ. ಜೇನಿನ ಲಾಭ ಅಬ್ಬಾನ ಖಾತೆಗೆ, ನಷ್ಟ ಮಾತ್ರ ದಾದಿಮಾ ಖಾತೆಗೆ ಹೋಗಿತ್ತು. ಪೆಟ್ಟಿಗೆ ಇಡುವಾಗ ಅವರನ್ನು ಯಾರೂ ಕೇಳಿರಲಿಲ್ಲ. ಹೆಚ್ಚಿನ ಮನೆಗಳಲ್ಲಿ ಕೋಳಿ ಸಾಕುವವರು ಅಜ್ಜಿ, ಅಮ್ಮಂದಿರೇ. ಅವರ ಮೊಟ್ಟೆಯ ಲೆಕ್ಕ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಈ ಸಲ ಮೊದಲ ಜೇನು ಇಳಿಸಿದಾಗ ಅಬ್ಬಾ ಒಂದು ಬಾಟಲಿ ಮಾರಿ ಎರಡು ಹೇಂಟೆ ತಂದುಕೊಟ್ಟರು. ದಾದಿಮಾ ಅದನ್ನು ಕ್ಯಾಲೆಂಡರಿನಲ್ಲಿ ಬರೆಸಿದ್ದಾರೆ. ಸ್ನೇಹಿತರೇ, ನಿಮ್ಮ ಮನೆಗೂ ಜೇನು ಪೆಟ್ಟಿಗೆ ತರುವುದಿದ್ದರೆ ತನ್ನಿ. ಮೊದಲು ಕೋಳಿ ಯಾರದೋ ಅವರನ್ನು ಕೇಳಿ, ಜಾಗವನ್ನು ಅವರೇ ತೋರಿಸಲಿ.