ಮುಚ್ಚಳ ತೆರೆದ ಗಣಕಯಂತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಳೆಗಾಲವನ್ನು ಬಲ್ಲವರಿಗೆ ಬೂಷ್ಟಿನ ಪ್ರತಾಪವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಕಪಾಟಿನ ಪುಸ್ತಕ, ಗೋಡೆಗೆ ತೂಗುಹಾಕಿದ ಮದ್ದಳೆ, ಪೆಟ್ಟಿಗೆಯೊಳಗಿನ ಬಟ್ಟೆ, ಯಾವುದನ್ನೂ ಅದು ಬಿಡುವುದಿಲ್ಲ. ಬೀಜ, ಬುಟ್ಟಿ ಮೊದಲಾದವನ್ನು ಒಲೆಯ ಹೊಗೆ ತಾಗುವ ಅಟ್ಟಕ್ಕೆ ಏರಿಸಿ ಕಾಪಾಡುವ ಜಾಣತನ ಇಲ್ಲಿಯ ಹಳೆಯ ಮನೆಗಳಲ್ಲಿ ಬೆಳೆದು ಬಂದುದು ಇದೇ ಕಾರಣದಿಂದ. ಆದರೆ ಗಣಕಯಂತ್ರಕ್ಕೆ ತೇವದಂತೆ ಹೊಗೆಯೂ ಶತ್ರುವೇ. ನಲವತ್ತು ವರ್ಷಗಳ ಹಿಂದಿನ ಗಣಕವೊಂದನ್ನು ಇಂತಹ ಹವೆಯಲ್ಲಿ ಮತ್ತೆ ನಡೆಸಬಹುದೆ? ನಡೆಸುವ ಸಲುವಾಗಿ ಅದನ್ನು ಎಷ್ಟರಮಟ್ಟಿಗೆ ಬದಲಾಯಿಸಬಹುದು? ಹಳೆಯ ಗಣಕಗಳ ದುರಸ್ತಿಯನ್ನೇ ಹವ್ಯಾಸವನ್ನಾಗಿ ಮಾಡಿಕೊಂಡವರ ಮುಂದೆ ಈ ಎರಡು ಪ್ರಶ್ನೆಗಳು ಸದಾ ಇರುತ್ತವೆ.

ಅಂತಹ ಗಣಕಗಳಲ್ಲಿ ಭಾರತದ ಶಾಲೆಗಳೊಡನೆ ನೇರ ಸಂಬಂಧವುಳ್ಳದ್ದು ‘ಬಿಬಿಸಿ ಮೈಕ್ರೊ’. ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದ ಏಕಾರ್ನ್ ಎಂಬ ಸಂಸ್ಥೆ 1981ರ ಡಿಸೆಂಬರಿನಲ್ಲಿ ಇದನ್ನು ಹೊರತಂದಿತು. 1984ರಲ್ಲಿ ನಮ್ಮ ದೇಶದಲ್ಲಿ ‘ಕ್ಲಾಸ್’ ಎಂಬ ಹೆಸರಿನ ಗಣಕ ಸಾಕ್ಷರತಾ ಯೋಜನೆ ಆರಂಭವಾದಾಗ, ಮೊದಲ ಹಂತದಲ್ಲಿ ಆರಿಸಿದ ಸುಮಾರು 250 ಶಾಲೆಗಳಿಗೆ ಬಂದದ್ದು ಈ ಯಂತ್ರವೇ. ದೂರದರ್ಶನದ ಪೆಟ್ಟಿಗೆಯನ್ನೇ ಪರದೆಯಾಗಿ ಬಳಸಿಕೊಳ್ಳುತ್ತಿದ್ದ, ಕೀಲಿಮಣೆಯೂ ಒಡಲೂ ಒಂದೇ ಆಗಿದ್ದ ಈ ಗಣಕವನ್ನು ಕಂಡು ಎಷ್ಟೋ ಮಕ್ಕಳು ಬೆರಗಾದರು. ಇದರ ಸ್ಮೃತಿ ಕೇವಲ 32 ಕಿಲೊಬೈಟ್. ಇಂದಿನ ಕೈಫೋನಿನಲ್ಲಿ ತೆಗೆದ ಒಂದೇ ಒಂದು ಭಾವಚಿತ್ರಕ್ಕೂ ಅಷ್ಟು ಸ್ಥಳ ಸಾಲದು.

ಈ ಯಂತ್ರದ ಮುಚ್ಚಳವನ್ನು ಹಿಡಿದಿರುವ ತಿರುಪುಗಳ ಬಳಿ ‘ಫಿಕ್ಸ್’ ಎಂಬ ಅಕ್ಷರಗಳನ್ನು ಅಚ್ಚೊತ್ತಲಾಗಿದೆ. ಇವನ್ನು ಬಿಚ್ಚಿದರೆ ಒಳಗನ್ನು ಕಾಣಬಹುದು ಎಂದು ತಯಾರಕರೇ ತೋರಿಸಿಕೊಟ್ಟಂತಾಯಿತು. ಮುಚ್ಚಳವನ್ನು ಅಂಟಿನಿಂದ ಬಂಧಿಸಿ, ಒಳಗೇನಿದೆಯೆಂದು ನೋಡಲೂ ಬಿಡದ ಇಂದಿನ ಉಪಕರಣಗಳ ಜೊತೆ ಹೋಲಿಸಿದರೆ ಇದೊಂದು ದೊಡ್ಡ ಸೌಜನ್ಯವೇ ಸರಿ. ಒಳಗಿನ ಹಲವು ಚಿಪ್ಪುಗಳನ್ನು ಬೆಸುಗೆ ಹಾಕದೆ ಸಾಕೆಟ್ಟುಗಳಲ್ಲಿ ಕೂರಿಸಿರುವುದರಿಂದ ಕೈಯಿಂದಲೇ ಕೀಳಬಹುದು, ಮತ್ತೆ ಕೂರಿಸಬಹುದು. ತೇವದಿಂದ ಚಿಪ್ಪಿನ ಕಾಲುಗಳಿಗೆ ಕಿಲುಬು ಹಿಡಿದು ಯಂತ್ರ ಮೂಕವಾದಾಗ ಬಲ್ಲವರು ಮೊದಲು ಮಾಡುವ ಚಿಕಿತ್ಸೆಯೂ ಇದೇ. ಕಿತ್ತು, ಒರೆಸಿ, ಮರಳಿ ಕೂರಿಸುವುದು. ಎಷ್ಟೋ ಸಲ ಅಷ್ಟರಿಂದಲೇ ಯಂತ್ರಕ್ಕೆ ಮಾತು ಬರುತ್ತದೆ.

ಎಲ್ಲ ದೋಷಗಳೂ ಇಷ್ಟು ಸಾಧುವಲ್ಲ. ಮನೆಯ ವಿದ್ಯುತ್ತು ಒಳಬರುವ ಜಾಗದಲ್ಲಿ, ಅದರೊಡನೆ ಬರುವ ಅನವಶ್ಯಕ ಕಂಪನಗಳನ್ನು ಸೋಸಲೆಂದು ಕೆಪಾಸಿಟರ್ ಎಂಬ ಧಾರಕಗಳನ್ನು ಇಟ್ಟಿದ್ದಾರೆ. ಕಾಗದದ ಪದರಗಳನ್ನು ಸುತ್ತಿ ಪಾರದರ್ಶಕವಾದ ಕವಚದೊಳಗೆ ಮುಚ್ಚಿದ ಬಿಡಿಭಾಗಗಳಿವು. ಕಾಲಾಂತರದಲ್ಲಿ ಕವಚ ಬಿರುಕು ಬಿಡುತ್ತದೆ. ಬಿರುಕಿನ ಮೂಲಕ ಗಾಳಿಯ ತೇವ ಒಳಸೇರಿ ಕಾಗದ ತನ್ನ ನಿರೋಧಕ ಗುಣವನ್ನು ಕಳೆದುಕೊಳ್ಳುತ್ತದೆ. ಹಲವು ವರ್ಷ ಸುಮ್ಮನಿದ್ದ ಯಂತ್ರಕ್ಕೆ ಯಾರೋ ಉತ್ಸಾಹದಿಂದ ವಿದ್ಯುತ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ‘ಟಪ್’ ಎಂಬ ಸದ್ದಿನೊಡನೆ ದಟ್ಟವಾದ, ದುರ್ನಾತದ ಹೊಗೆ ಏಳುತ್ತದೆ. ವಿಚಿತ್ರವೆಂದರೆ ಈ ಗದ್ದಲದ ನಡುವೆಯೂ ಗಣಕ ಎಂದಿನಂತೆ ಕೆಲಸ ಮಾಡುತ್ತಿರುವುದುಂಟು! ಮಲೆನಾಡಿನಂತಹ ತೇವದ ನಾಡಿನಲ್ಲಿ ಈ ಅಪಾಯ ಇನ್ನೂ ಹೆಚ್ಚೆಂದೇ ತಿಳಿಯಬೇಕು. ಹೀಗಾಗಿ ಹವ್ಯಾಸಿಗಳು ಯಂತ್ರವನ್ನು ಚಾಲೂ ಮಾಡುವ ಮೊದಲೇ ಕಾಗದದ ಧಾರಕಗಳನ್ನು ತೆಗೆದು ಪ್ಲಾಸ್ಟಿಕ್ ಪದರದ ಹೊಸ ಧಾರಕಗಳನ್ನು ಬೆಸೆಯುತ್ತಾರೆ. ವಿದ್ಯುತ್ ಸಂಪರ್ಕವನ್ನು ಕಿತ್ತ ಮೇಲೂ ಈ ಭಾಗದಲ್ಲಿ ಅಪಾಯಕರ ವಿದ್ಯುತ್ತು ಉಳಿದಿರಬಲ್ಲುದಾದ್ದರಿಂದ ಇದು ಅನುಭವಿಗಳೇ ಮಾಡತಕ್ಕ ಕೆಲಸ. ಕುತೂಹಲ ಎಷ್ಟೇ ಇರಲಿ, ವಿದ್ಯಾರ್ಥಿಗಳು ಈ ಭಾಗವನ್ನು ಬಿಚ್ಚಬಾರದು.

ದುರಸ್ತಿಯಿಂದ ಮುಂದಿನ ಹೆಜ್ಜೆ ಸುಧಾರಣೆ. ಇದು ಇಂದಿನ ಹವ್ಯಾಸಿಗಳ ಕಲ್ಪನೆಯೇನೂ ಅಲ್ಲ. ಬಿಬಿಸಿ ಮೈಕ್ರೊ ‘ಎ’ ಮತ್ತು ‘ಬಿ’ ಎಂಬ ಎರಡು ಮಾದರಿಗಳಲ್ಲಿ ದೊರೆಯುತ್ತಿತ್ತು. 16 ಕಿಲೊಬೈಟಿನ ‘ಎ’ ಮಾದರಿಯನ್ನು ಅಗ್ಗವೆಂದು ಕೊಂಡವರು, ಮುಂದೆ ಕೈಯಲ್ಲಿ ಹಣ ಕೂಡಿದಾಗ, ಖಾಲಿ ಉಳಿದಿದ್ದ ಸ್ಥಾನಗಳಲ್ಲಿ ಎಂಟು ಸ್ಮೃತಿಚಿಪ್ಪುಗಳನ್ನು ಕೂರಿಸಿ ಅದನ್ನು 32 ಕಿಲೊಬೈಟಿಗೆ ಏರಿಸಿಕೊಳ್ಳುತ್ತಿದ್ದರು. ಇದಕ್ಕಿಂತಲೂ ಸ್ವಾರಸ್ಯವಾದುದು ‘ರಾಮ್’ ಎಂಬ ಸ್ಮೃತಿಯ ಜೊತೆಗಿರುವ, ಅಳಿಯದ ‘ರೋಮ್’ ಸ್ಮೃತಿಯ ಏರ್ಪಾಡು. ಈ ಗಣಕದ ಸಂಸ್ಕಾರಕವು ಒಮ್ಮೆಗೆ ಕಾಣಬಲ್ಲುದು 64 ಕಿಲೊಬೈಟ್ ಮಾತ್ರ. ಅದರಲ್ಲಿ 32 ರಾಮ್‌ಗೆ, 16 ಯಂತ್ರದ ಮೂಲ ನಿರ್ವಹಣೆಗೆ ಹೋದರೆ ಉಳಿಯುವುದು 16. ಈ ಒಂದೇ ಜಾಗದಲ್ಲಿ ಬೇಸಿಕ್ ಭಾಷೆ, ಬರಹದ ಸಾಧನ, ಇನ್ನಿತರ ಕ್ರಮವಿಧಿಗಳೆಲ್ಲವೂ ಸರದಿಯಂತೆ ಬಂದು ಹೋಗುತ್ತವೆ. ಯಕ್ಷಗಾನದಲ್ಲಿ ಬಣ್ಣ ಹಚ್ಚಿದ ವೇಷಗಳು ಚೌಕಿಯಲ್ಲಿ ಕಾದಿದ್ದು, ಭಾಗವತರ ಪದಕ್ಕೆ ತಕ್ಕಂತೆ ರಂಗಕ್ಕೆ ಬರುವುದಿಲ್ಲವೆ? ಅದೇ ರೀತಿ. ಮೂಲ ಯಂತ್ರದ ಚೌಕಿಯಲ್ಲಿ ನಾಲ್ಕು ವೇಷಗಳಿಗೆ ಎಡೆಯಿತ್ತು. ಹವ್ಯಾಸಿಗಳು ಚಿಕ್ಕದೊಂದು ಹಲಗೆಯನ್ನು ಸೇರಿಸಿ ಅದನ್ನು ಹದಿನಾರಕ್ಕೆ ಹಿಗ್ಗಿಸುತ್ತಾರೆ.

ಫ್ಲಾಪಿ ತಟ್ಟೆಗಳ ಗತಿ ಇನ್ನೊಂದು ಬಗೆಯದು. ಅವುಗಳ ಕಾಂತೀಯ ಮೈಮೇಲೂ ಬೂಷ್ಟು ಬೆಳೆಯುತ್ತದೆ. ಅಂತಹ ತಟ್ಟೆಯನ್ನು ತಿರುಗಿಸಿದರೆ ಓದುವ ಮುಳ್ಳೂ ಮಲಿನವಾಗುತ್ತದೆ. ಇದಕ್ಕಾಗಿ ಯಂತ್ರದ ತಳದಲ್ಲಿರುವ ಜೋಡಣೆಯೊಂದಕ್ಕೆ ಬೆರಳುಗುರಿನಷ್ಟು ಚಿಕ್ಕ ಸ್ಮೃತಿಪತ್ರವನ್ನು ಹಿಡಿದಿಡುವ ಉಪಕರಣವನ್ನು ಸಿಕ್ಕಿಸುತ್ತಾರೆ. ನೂರಾರು ತಟ್ಟೆಗಳ ಸರಕು ಆ ಒಂದು ಪತ್ರದಲ್ಲಿ ಅಡಗುತ್ತದೆ. ಬೇಡವಾದಾಗ ಕಳಚಿಟ್ಟರೆ ಗಣಕ ಮೊದಲಿನಂತೆಯೇ ಇರುತ್ತದೆ. ಹಾಗಲ್ಲದೆ, ಹೊಸ ಗುಂಡಿಗೋ ತಂತಿಗೋ ಜಾಗ ಮಾಡಲೆಂದು ಹಳೆಯ ಕವಚಕ್ಕೆ ರಂಧ್ರ ಕೊರೆಯುವವರೂ ಉಂಟು. ತಮ್ಮ ವಸ್ತು, ತಮ್ಮಿಷ್ಟ ಎಂಬುದು ಅವರ ವಾದ. ಆದರೆ ಆ ಕವಚವನ್ನು ಮತ್ತೆ ತಯಾರಿಸುವ ಕಾರ್ಖಾನೆ ಇಂದು ಇಲ್ಲ. ಕೊರೆದ ರಂಧ್ರ ಕೂಡಿಕೊಳ್ಳುವುದೂ ಇಲ್ಲ. ಕಳಚಲು ಬರುವಂತೆ ಜೋಡಿಸುವವನ ಕೈಚಳಕವೇ ಮೇಲು ಎನ್ನದೆ ನಿರ್ವಾಹವಿಲ್ಲ.

ಬಿಬಿಸಿ ಮೈಕ್ರೊದ ತಳದಲ್ಲಿ ‘ಟ್ಯೂಬ್’ ಎಂಬ ಮತ್ತೊಂದು ಜೋಡಣೆಯಿದೆ. ಎರಡನೆಯ ಸಂಸ್ಕಾರಕವೊಂದನ್ನು ಹೊರಗಿನಿಂದ ಸೇರಿಸಿ ಹೆಚ್ಚಿನ ಲೆಕ್ಕಾಚಾರವನ್ನು ಅದರಿಂದ ಮಾಡಿಸಲು ಇಟ್ಟದ್ದು ಇದು. ಏಕಾರ್ನ್ ಸಂಸ್ಥೆಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ‘ಆರ್ಮ್’ ಎಂಬ ಹೊಸ ಸಂಸ್ಕಾರಕವನ್ನು ರೂಪಿಸಿದಾಗ, 1985ರ ಏಪ್ರಿಲ್ 26ರಂದು, ಅದರ ಮೊದಲ ಚಿಪ್ಪನ್ನು ನಡೆಸಿ ನೋಡಿದ್ದು ಬಿಬಿಸಿ ಮೈಕ್ರೊ ಒಂದಕ್ಕೆ ಜೋಡಿಸಿಯೇ. ಇಂದಿನ ಕೈಫೋನುಗಳಲ್ಲಿ ಬಹುಪಾಲಿನವು ನಡೆಯುವುದು ಅದೇ ಆರ್ಮ್ ವಂಶದ ಚಿಪ್ಪುಗಳಿಂದ. 2012ರಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕದಲ್ಲಿರುವುದೂ ಅದೇ ಕುಲದ ಸಂಸ್ಕಾರಕ. ಹವ್ಯಾಸಿಗಳು ಈಗ ಈ ಪೈಯನ್ನೇ ತಂದು ಹಳೆಯ ಟ್ಯೂಬಿಗೆ ಕಟ್ಟುತ್ತಾರೆ. ಹಳೆಯ ಯಂತ್ರ ಮಾತಾಡುವುದು 5 ವೋಲ್ಟಿನಲ್ಲಿ. ಹೊಸದು ತಾಳಬಲ್ಲುದು 3.3 ವೋಲ್ಟ್ ಮಾತ್ರ. ನೇರವಾಗಿ ಕಟ್ಟಿದರೆ ಕಿರಿಯದು ಕೆಟ್ಟುಹೋದೀತು. ಆದ್ದರಿಂದ ಇವೆರಡರ ನಡುವೆ ವೋಲ್ಟನ್ನು ಇಳಿಸಿಕೊಡುವ ಪುಟ್ಟ ಹಲಗೆಯೊಂದನ್ನು ಇಡುತ್ತಾರೆ.