ನಿಂತ ಗಾಡಿಯ ಬ್ಯಾಟರಿಯೂ ಸವೆಯುತ್ತದೆ

ದಿನಾ ಕೆಂಗೇರಿಯಿಂದ ಪೀಣ್ಯಕ್ಕೆ ಹೋಗಿಬರುವ ಅಕ್ಕನ ಮಗನಿಗಾಗಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸ್ಕೂಟರ್ ನೋಡಲು ಹೋಗಿದ್ದೆ. ‘ಮೂರು ವರ್ಷದಲ್ಲಿ ಬರೀ ಆರು ಸಾವಿರ ಕಿಲೋಮೀಟರ್ ಸರ್, ಮನೆ ಮುಂದೆ ನಿಂತೇ ಇತ್ತು’ ಎಂದರು ಮಾರುವವರು. ಪೆಟ್ರೋಲ್ ಗಾಡಿಗಾದರೆ ಆ ಮಾತಿಗೆ ಬೆಲೆಯಿದೆ. ಲಿಥಿಯಂ ಅಯಾನ್ ಬ್ಯಾಟರಿ ನಿಂತಲ್ಲೇ ಸವೆಯುತ್ತದೆ.

ಸೆಲ್ಲಿನೊಳಗಿನ ಗ್ರಾಫೈಟ್ ಮೇಲೆ ಮೊದಲ ಚಾರ್ಜಿಗೇ ತೆಳುವಾದ ಪೊರೆ ಕಟ್ಟುತ್ತದೆ. ಅದಿಲ್ಲದೆ ಬ್ಯಾಟರಿ ಬಾಳದು. ಆದರೆ ಆ ಪೊರೆ ಕಾಲ ಕಳೆದಂತೆ ದಪ್ಪವಾಗುತ್ತದೆ, ಅತ್ತಿಂದಿತ್ತ ಓಡಾಡಬೇಕಾದ ಲಿಥಿಯಂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡದ್ದು ಮತ್ತೆ ಕೆಲಸಕ್ಕೆ ಬಾರದು. ಫುಲ್ ಚಾರ್ಜ್ ಮಾಡಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಈ ಕೆಲಸ ಇನ್ನೂ ಚುರುಕು.

ಹಾಗಾಗಿ ಸರ್ವಿಸ್ ಸೆಂಟರಿನಿಂದ ಬ್ಯಾಟರಿ ಹೆಲ್ತ್ ರಿಪೋರ್ಟ್ ತರಿಸಿದೆವು. ಹೊಸದರಲ್ಲಿದ್ದ ಸಾಮರ್ಥ್ಯದಲ್ಲಿ ಉಳಿದದ್ದು 82%. ಸಾಮಾನ್ಯವಾಗಿ 70ರಿಂದ 80%ಗೆ ಇಳಿದರೆ ಗಾಡಿಯ ಬ್ಯಾಟರಿಯ ಕಾಲ ಮುಗಿಯಿತೆಂದೇ ಲೆಕ್ಕ. ಅದಕ್ಕಿಂತ ಮುಖ್ಯವಾದದ್ದು ಕೆಳಗಿನ ಸಾಲಿನಲ್ಲಿತ್ತು: ಒಂದು ಗುಂಪಿನ ಸೆಲ್ಲುಗಳ ವೋಲ್ಟೇಜ್ ಉಳಿದವಕ್ಕಿಂತ ಬೇಗ ಬೀಳುತ್ತಿತ್ತು. ಸೆಲ್ಲುಗಳು ಸರಣಿಯಲ್ಲಿರುವುದರಿಂದ ಸೋತ ಗುಂಪು ಖಾಲಿಯಾದೊಡನೆ, ಮಿಕ್ಕವುಗಳಲ್ಲಿ ಚಾರ್ಜ್ ಇದ್ದರೂ, ಗಾಡಿ ನಿಲ್ಲುತ್ತದೆ. ಎಷ್ಟೋ ಪ್ಯಾಕುಗಳು ಸಾಯುವುದು ಹೀಗೆ.

ಈಗ ದುಡ್ಡಿನ ಮಾತು. ಹೊಸ ಬ್ಯಾಟರಿಗೆ 60,000 ರೂಪಾಯಿ, ಬಾಳಿಕೆ 5 ವರ್ಷ ಎಂದಿಟ್ಟುಕೊಳ್ಳಿ. ಓಡಿಸಲಿ ಬಿಡಲಿ, ತಿಂಗಳಿಗೆ 1,000 ರೂಪಾಯಿ ಕರಗುತ್ತದೆ. ದಿನಕ್ಕೆ 10 ಕಿಲೋಮೀಟರ್ ಓಡಿಸುವವರಿಗೆ ಬ್ಯಾಟರಿಯ ಖರ್ಚೇ ಕಿಲೋಮೀಟರಿಗೆ 3 ರೂಪಾಯಿ ದಾಟುತ್ತದೆ. 40 ಓಡಿಸುವವರಿಗೆ ಒಂದು ರೂಪಾಯಿಯೂ ಆಗದು. ಕರೆಂಟ್ ಬಿಲ್ ಇದರ ಮುಂದೆ ಚಿಲ್ಲರೆ. ತರಕಾರಿ ತರಲು, ದೇವಸ್ಥಾನಕ್ಕೆ ಹೋಗಿಬರಲು ಗಾಡಿ ಬೇಕೆನ್ನುವ ಹಿರಿಯರು ಹೊಗೆ ಬೇಡ, ಸದ್ದು ಬೇಡ ಎಂದು ಎಲೆಕ್ಟ್ರಿಕ್ ಕೊಂಡರೆ ನನಗೆ ಸಂತೋಷವೇ. ಉಳಿತಾಯಕ್ಕೆಂದು ಕೊಳ್ಳಬೇಡಿ ಎಂದು ಮಾತ್ರ ಕೈಮುಗಿದು ಹೇಳುತ್ತೇನೆ. ಉಳಿತಾಯ ಇರುವುದು ಅಕ್ಕನ ಮಗನಂಥವರಿಗೆ, ಮನೆಮನೆಗೆ ಊಟ ತಲುಪಿಸುವ ಹುಡುಗರಿಗೆ.

ಆ ಗಾಡಿಗೆ ನಾವು ಬೆಲೆ ಕಟ್ಟಿದ್ದು ಬ್ಯಾಟರಿ ಇಲ್ಲವೆಂದೇ ತಿಳಿದು: ಚಾಸಿಸ್, ಮೋಟಾರ್, ಟೈರು, ಚಾರ್ಜರ್ ಇಷ್ಟಕ್ಕೆ. ಅದರ ಮೇಲೆ, ವಾರಂಟಿ ಹೊಸ ಮಾಲೀಕರ ಹೆಸರಿಗೆ ವರ್ಗವಾಗುತ್ತದೆಂದು ಕಂಪನಿಯಿಂದ ಬರೆಸಿ ಕೊಟ್ಟರೆ ಇನ್ನಷ್ಟು ಸೇರಿಸುತ್ತೇವೆ ಎಂದೆವು. ಮಾರುವವರು ಎರಡು ದಿನ ಯೋಚಿಸಿ, ಕಾಗದ ತಂದರು.